ವಿಶ್ರಾಮ್

ಖೈತಾನ್, ಕುವೈತ್
ಭಾನುವಾರ

ಪ್ರೀತಿಯ ಅಮ್ಮಾ,

ಪಕ್ಕದ ಫ್ಲ್ಯಾಟಿನ ಪುಷ್ಪಾವತಿ ಅಕ್ಕ ನಾಳೆ ಊರಿಗೆ ಬರುತ್ತಿದ್ದಾರೆ. ಖರ್ಜೂರದ ಜೊತೆ ಈ ಪತ್ರವನ್ನೂ ಅವರ ಕೈಯಲ್ಲಿ ಕೊಡುತ್ತಿದ್ದೇನೆ. ಫೋನಿನಲ್ಲಿ ಹೇಳಲು ಹೊರಟರೆ ಇಬ್ಬರೂ ಅಳುತ್ತೇವೆ.

ಅಪ್ಪನ ಹಸಿರು ಮಿಲಿಟರಿ ಸ್ವೆಟರನ್ನು ಯಾರಿಗೂ ಕೊಡಬೇಡ. ಮಾವ ಕೇಳಿದರೂ ಇಲ್ಲ ಎನ್ನು. ಲೇಹ್‌ನಿಂದ ರಜೆಗೆ ಬಂದಾಗ ಬಾಗಿಲಲ್ಲೇ ನನ್ನನ್ನೂ ಅದರೊಳಗೆ ಸೇರಿಸಿಕೊಂಡು, "ನೋಡು, ಎರಡು ತಲೆಯ ಹವಾಲ್ದಾರ" ಎನ್ನುತ್ತಿದ್ದರಲ್ಲ. ಇಲ್ಲಿಯೂ ಡಿಸೆಂಬರಿನಲ್ಲಿ ಚಳಿಯಿರುತ್ತದೆ, ನಾನೇ ಹಾಕಿಕೊಳ್ಳುತ್ತೇನೆ.

ನಾನು ಕುವೈತಿಗೆ ಹೊರಡುವಾಗ ಅವರು ಯಾವತ್ತೂ ಅಳಲಿಲ್ಲ. ಅಂಗಳದಲ್ಲಿ ನಿಂತು "ಸಾವ್‌ಧಾನ್" ಎಂದು ಕೂಗುತ್ತಿದ್ದರು. ನಾನು ಸೂಟ್‌ಕೇಸ್ ಬಿಟ್ಟು ನೆಟ್ಟಗೆ ನಿಲ್ಲುತ್ತಿದ್ದೆ. ಇಲ್ಲಿಗೆ ತಲುಪಿ ಫೋನ್ ಮಾಡಿದರೆ, "ವಿಶ್ರಾಮ್" ಎಂದು ಒಂದೇ ಮಾತು ಹೇಳಿ ಫೋನನ್ನು ನಿನ್ನ ಕೈಗೆ ಕೊಡುತ್ತಿದ್ದರು. ಅದನ್ನು ಕೇಳಿದ ಮೇಲೆಯೇ ನಾನು ಚಪ್ಪಲಿ ಕಳಚುತ್ತಿದ್ದೆ.

ಈ ಸಲ ಅವರ ಉತ್ತರಕ್ರಿಯೆ ಮುಗಿಸಿ ಬಂದು ಫೋನ್ ಮಾಡಿದಾಗ ನೀನು ಊಟ, ಸೆಕೆ ಎಲ್ಲ ವಿಚಾರಿಸಿದೆ. ಇನ್ನೂ ಒಂದು ಮಾತು ಬಾಕಿಯಿದೆ ಎಂಬಂತೆ ನಾನು ಫೋನ್ ಹಿಡಿದೇ ಇದ್ದೆ. ಲೈನ್ ಹೋಯಿತೆಂದು ನೀನು ಇಟ್ಟುಬಿಟ್ಟೆ. ಸೂಟ್‌ಕೇಸ್ ಇನ್ನೂ ಬಾಗಿಲ ಹತ್ತಿರವೇ ಇದೆ, ಬಿಚ್ಚಿಲ್ಲ. ನಿನ್ನ ಅಳಿಯ ದಿನಾ ಅದಕ್ಕೆ ಎಡವುತ್ತಾರೆ, ಆದರೂ ಪಕ್ಕಕ್ಕೆ ಸರಿಸುವುದಿಲ್ಲ.

ಶುಕ್ರವಾರ ಫೋನ್ ಮಾಡುತ್ತೇನೆ. ಇಡುವ ಮೊದಲು ಆ ಒಂದು ಮಾತನ್ನು ನೀನು ಹೇಳು ಅಮ್ಮಾ. ಮಿಲಿಟರಿ ಗತ್ತು ಬಾರದಿದ್ದರೂ ಅಡ್ಡಿಯಿಲ್ಲ.

ಅಲ್ಲಿಯವರೆಗೆ ಸಾವ್‌ಧಾನ್‌ನಲ್ಲೇ ನಿಂತಿರುವ,
ನಿನ್ನ ಮಗಳು
ಅಪೇಕ್ಷಾ