ಪ್ಯಾನೆಲ್ ಒಳಗಿನ ಬಲ್ಬು

ಸೇಡಂ ರಸ್ತೆ, ಕಲಬುರಗಿ

ವಿಮಲಾಬಾಯಿ ಅವ್ವಾರಿಗೆ ಪರ್ವೇಜನ ನಮಸ್ಕಾರ.

ನಿಮ್ಮ ಮಗ ಶಿವಶರಣನನ್ನು ಮಣ್ಣು ಮಾಡಿದ ದಿನ ನಿಮ್ಮೆದುರು ಬಾಯಿ ಬಿಡಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅವನ ಸಾಮಾನಿನ ಚೀಲವನ್ನು ಕಮಲಾಪುರದ ಬಸ್ಸಿಗೆ ಹಾಕಿದ್ದೇನೆ, ಇಳಿಸಿಕೊಳ್ಳಿ.

ಹೊಸ ಪ್ಯಾನೆಲ್‌ಗೆ, ಅಂದರೆ ದೊಡ್ಡ ಸ್ವಿಚ್ಚುಗಳ ಪೆಟ್ಟಿಗೆಗೆ, ಕರೆಂಟ್ ಕೊಡುವ ಮೊದಲು ಒಳಗೆ ಬಲ್ಬು ಉರಿಸಿಟ್ಟು ತೇವ ಆರಿಸುವುದು ನಮ್ಮ ರೂಢಿ. ಅವನು ಆರು ದಿನ ಉರಿಸಿದ್ದ. “ಬಾಣಂತಿ ಕೋಣಿ ಇದ್ದಂಗಲೇ, ಬೆಚ್ಚಗಿರಬೇಕು” ಎಂದು ನಗುತ್ತಿದ್ದ.

ಏಳನೆಯ ಸಂಜೆ ಜೋರು ಮಳೆ. ಮರುದಿನ ಪ್ಯಾನೆಲ್ ಚಾಲು ಮಾಡುವ ಪೂಜೆಗೆ ಮಂಟಪ ಕಟ್ಟುವಾಗ ಬೆಳಕು ಸಾಲದೆ ನಾನೇ ಆ ಬಲ್ಬು ಬಿಚ್ಚಿ ಅಲ್ಲಿ ಹಾಕಿದೆ. ತಿರುಗಿ ಇಡುವುದನ್ನು ಮರೆತೆ.

ಬೆಳಿಗ್ಗೆ ಅವನು ಕೇಳಿದ: “ಬಲ್ಬ್ ಯಾವಾಗ ತಗದಿ?”

“ಈಗೇ ತಗದೀನಿ” ಎಂದೆ. ಬೈಸಿಕೊಳ್ಳಬಾರದೆಂದು ಹೇಳಿದ ಸುಳ್ಳು. ಅವನು ನಂಬಿ, ಮತ್ತೆ ಪರೀಕ್ಷೆ ಮಾಡದೆ ಸ್ವಿಚ್ ಎತ್ತಿದ. ಒಳಗೆ ರಾತ್ರಿಯ ತೇವ ಕೂತಿತ್ತು; ಪ್ಯಾನೆಲ್ ಅವನೆದುರೇ ಸಿಡಿಯಿತು.

ತೇವ ಆರಿಸದೆ ಚಾಲು ಮಾಡಿದ್ದು ಶಿವಶರಣನ ತಪ್ಪು ಎಂದು ಬರೆದ ಕಾಗದವನ್ನು ಗುತ್ತಿಗೆದಾರರು ತರುತ್ತಾರೆ. ಸಹಿ ಮಾಡಬೇಡಿ. ಈ ಪತ್ರ ತೋರಿಸಿ.

ಆ ಬಲ್ಬನ್ನು ಚೀಲದಲ್ಲಿ ಅವನ ಟವೆಲಿನಲ್ಲಿ ಸುತ್ತಿಟ್ಟಿದ್ದೇನೆ. ಅದು ಇನ್ನೂ ಉರಿಯುತ್ತದೆ.

ನಿಮ್ಮ ಕೈಯ ರೊಟ್ಟಿ ಉಂಡವನು,
ಪರ್ವೇಜ್