ಮೂಲ ಊರಿನ ಪುಸ್ತಕ

ಲಾಂಗ್ನೌ
ಮಂಗಳವಾರ, 9 ನವೆಂಬರ್ 1993

ಪ್ರೀತಿಯ ಟ್ರೂಡಿ,

ನಿನ್ನ ಮಂಡಿ ಆಪರೇಷನ್ ಸಲೀಸಾಗಿ ಮುಗಿದು, ಕೋಲು ಬಿಟ್ಟು ಓಡಾಡುವಂತಾಗಿದ್ದೀಯ ಅಂದುಕೊಂಡೇ ಶುರುಮಾಡುತ್ತೇನೆ. ಆಗಸ್ಟಿನಲ್ಲಿ ಬಂದ ಕಾಗದಕ್ಕೆ ನವೆಂಬರಿನಲ್ಲಿ ಉತ್ತರ ಬರೆಯುವ ಗೆಳತಿ ನಾನು. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಮುಂದೆ ಓದು. ಸೋಮಾರಿತನ ಅಲ್ಲ ಕಣೇ, ಹೆದರಿಕೆ. ಮೂವತ್ತಾರು ವರ್ಷ ಮಕ್ಕಳನ್ನು ಗದರಿಸಿ ಕೂರಿಸಿದ ಟೀಚರಿಗೆ ಈಗ ಟೆಲಿಫೋನು ಹೊಡೆದುಕೊಂಡರೆ ಎದೆ ಡವಡವ ಅನ್ನುತ್ತದೆ ಅಂದರೆ ನಂಬುತ್ತೀಯಾ?

ಮೊದಲು ಊರಿನ ಸುದ್ದಿ. ಮಂಜು ಇಳಿದಿದೆ. ನಾಲ್ಕು ದಿನದಿಂದ ಎದುರಿನ ಗುಡ್ಡ ಕಂಡಿಲ್ಲ, ಹಗಲಿನಲ್ಲೇ ದೀಪ ಹಾಕಿಕೊಂಡು ಬರೆಯುತ್ತಿದ್ದೇನೆ. ಪಕ್ಕದ ಮನೆಯ ಗ್ಫೆಲರಮ್ಮ ಒಂದಿಷ್ಟೂ ಬದಲಾಗಿಲ್ಲ. ಮೊನ್ನೆ ಪ್ಲಮ್ ಕೇಕು ತಂದುಕೊಟ್ಟು, "ಕಾಫಿ ಇಲ್ದೆ ಇದನ್ನ ಹೆಂಗ್ರೀ ನುಂಗ್ತೀರಾ? ನಿಮ್ಮ ಅಮೆರಿಕದ ದೇವ್ರಿಗೆ ಒಂದು ಲೋಟ ಕಾಫಿ ಕಂಡ್ರೂ ಆಗಲ್ವಾ?" ಅಂದಳು. "ದೇವ್ರು ಅಮೆರಿಕದವನಲ್ಲಮ್ಮ, ನಮ್ಮ ಎಮೆಂಟಾಲ್ ಕಣಿವೆಯವನೇ. ಅದಕ್ಕೇ ಇಷ್ಟು ಹಟ" ಅಂದೆ. ಬಿದ್ದು ಬಿದ್ದು ನಕ್ಕಳು. ನೀವೆಲ್ಲ ಹಡಗು ಹತ್ತಿ ಅಮೆರಿಕದ ಯೂಟಾಗೆ ಹೋದಾಗ ನಾನಿಲ್ಲೇ ಉಳಿದೆನಲ್ಲ, ಅದಕ್ಕೆ ಸಿಕ್ಕ ಬಹುಮಾನ ಇದು. ಊರಿನವರಿಗೆ ನಾನು ಅರ್ಧ ಅಮೆರಿಕದವಳು, ನಿಮಗೆ ಗುಡ್ಡ ಬಿಟ್ಟು ಬರಲಾರದ ಪುಕ್ಕಲಿ.

ಪ್ರೊಫೆಸರ್ ಇಂಗೋಲ್ಡ್ ಹಿಡಿದುಕೊಂಡದ್ದೂ ಇದನ್ನೇ. ನೆನಪಿದೆಯಾ, ಬರ್ನಿನ ಚರಿತ್ರೆ ಪ್ರೊಫೆಸರಮ್ಮ? ಆಕೆಯ ಜೊತೆ ಎರಡು ವರ್ಷದಿಂದ ನಮ್ಮ ಸಭೆಯವರ, ಅಂದರೆ ಸ್ವಿಸ್ ಮಾರ್ಮನ್ನರ ಮೇಲೆ ಲೇಖನ ಬರೆಯುತ್ತಿದ್ದೇನೆ ಅಂತ ತಿಳಿಸಿದ್ದೆ. "ನಿಮ್ಮನ್ನ ಹೊರಗಿನವರು ಅಂತಾರಲ್ಲ, ನಿಮ್ಮಷ್ಟು ಸ್ವಿಸ್ಸರು ಇನ್ಯಾರಿದಾರೆ ಎಲ್ಸ್‌ಬೆತ್? ನೀನು ಯಾರು ಅಂತ ಕೇಳಿದ್ರೆ ಈ ದೇಶನೂ ಸತ್ತವರ ಪಟ್ಟಿ ತೋರ್ಸತ್ತೆ, ನಿಮ್ಮ ಸಭೆನೂ ಸತ್ತವರ ಪಟ್ಟಿನೇ ತೋರ್ಸತ್ತೆ" ಅನ್ನುವುದು ಆಕೆಯ ಮಾತು. ಕೇಳಿದ ದಿನ ಖುಷಿಯಿಂದ ರೈಲು ತಪ್ಪಿಸಿಕೊಂಡಿದ್ದೆ.

ಆ ಪಟ್ಟಿಯಲ್ಲೇ ಸಿಕ್ಕಿಬಿದ್ದೆ ಈಗ. ಐವತ್ತೈದರಲ್ಲಿ ತ್ಸೊಲಿಕೋಫೆನ್‌ನ ಟೆಂಪಲ್ ತೆರೆಯುವ ಮುಂಚೆ ನಮ್ಮ ಸಭೆಯ ಮನೆಮನೆಗೂ ಕುಟುಂಬದ ಹಾಳೆ ತುಂಬಿಸಿದವಳು ನಾನು, ಅಕ್ಷರ ದುಂಡಗಿದೆ ಅಂತ. ಇನ್ನೂರ ಹನ್ನೆರಡು ಹಾಳೆ. ಸತ್ತ ಅಪ್ಪ, ಅಮ್ಮ, ಮಕ್ಕಳ ಹೆಸರಿನಲ್ಲಿ ಬದುಕಿರುವವರು ನಿಂತು ಮಾಡುವ ದೀಕ್ಷಾಸ್ನಾನಕ್ಕೂ, ಕುಟುಂಬವನ್ನು ಸಾವಿನಾಚೆಗೂ ಬೆಸೆಯುವುದಕ್ಕೂ ಆ ಹಾಳೆಯೇ ಆಧಾರ. ಅಮೆರಿಕದ ಫಾರಂ "ಹುಟ್ಟಿದ ಊರು" ಕೇಳುತ್ತಿತ್ತು. ನಮ್ಮವರು ಪಾಸ್‌ಪೋರ್ಟ್ ತೆಗೆದು ಅದರಲ್ಲಿದ್ದ ಮೂಲ ಊರನ್ನು ಹೇಳಿದರು, ನಾನು ಬರೆದುಕೊಂಡೆ. ನೀನೂ ಹಡಗಿಳಿದಾಗ ಅಮೆರಿಕದ ಸಾಹೇಬನಿಗೆ "ಎಗ್ಗಿವಿಲ್‌ನವಳು" ಅಂದಿದ್ದೆಯಲ್ಲ, ಎಗ್ಗಿವಿಲ್‌ನ ಚರ್ಚು ಯಾವ ದಿಕ್ಕಿಗಿದೆ ಅಂತಲಾದರೂ ಗೊತ್ತಾ ನಿನಗೆ? ನಿನ್ನ ಮುತ್ತಾತನ ಮುತ್ತಾತ ಅಲ್ಲಿಯವನು, ಅಷ್ಟೆ. ಹೀಗೆ ತೊಂಬತ್ತನಾಲ್ಕು ಹಾಳೆಗಳಲ್ಲಿ ಸತ್ತವರು ಕಾಲಿಡದ ಊರಿನಲ್ಲಿ ಹುಟ್ಟಿಬಿಟ್ಟಿದ್ದಾರೆ.

ಇದನ್ನೇ ಬರೆದೆವು. ಪ್ರೊಫೆಸರಮ್ಮ ಇಷ್ಟಕ್ಕೇ ಬಿಡಲಿಲ್ಲ. ನಮ್ಮವರು ಎಲ್ಲೇ ಹುಟ್ಟಲಿ, ಎಲ್ಲೇ ಮದುವೆಯಾಗಲಿ, ಎಲ್ಲೇ ಸಾಯಲಿ, ಸುದ್ದಿ ಮೂಲ ಊರಿಗೆ ಹೋಗಿ ಅಲ್ಲಿಯ ಪುಸ್ತಕದಲ್ಲಿ ದಾಖಲಾಗುತ್ತದಲ್ಲ. ಒಂದೊಂದು ಹಾಳೆಯನ್ನೂ ಆ ಪುಸ್ತಕಗಳ ಜೊತೆ ತಾಳೆ ನೋಡಿ ಲೇಖನದ ಕೊನೆಗೆ ಸೇರಿಸಬೇಕು ಅಂತ ಹಟ ಹಿಡಿದರು, ಸರ್ಕಾರದ ಅನುಮತಿಯನ್ನೂ ತಂದರು. ಬರುವ ಸೋಮವಾರ ಅದು ಅಚ್ಚಿಗೆ ಹೋಗಬೇಕು.

ಅಷ್ಟರಲ್ಲಿ ವ್ಯೂತ್ರಿಶ್ ಬಂದ. ನಿನಗೆ ಅವನು ಗೊತ್ತಿಲ್ಲ. ವಾರವೆಲ್ಲ ಹಲ್ಲು ಕೀಳುತ್ತಾನೆ, ಭಾನುವಾರ ನಮ್ಮ ಸಭೆಯ ಹಿರಿಯ. ಮೂರನೇ ಕ್ಲಾಸಿನಲ್ಲಿ ನನ್ನ ಮುಂದೆ ಮಗ್ಗಿ ಬಾರದೆ ಅತ್ತವನು. ಮೊನ್ನೆ ಪ್ರಾರ್ಥನೆ ಮುಗಿದ ಮೇಲೆ ಮನೆಗೇ ಬಂದು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತ.

"ಟೀಚರ್, ನೀವು ಓದೋಕೆ ಕೊಟ್ಟಿದ್ದ ಲೇಖನ ಓದ್ದೆ. ಅರ್ಧ ಅರ್ಥ ಆಯ್ತು, ಇನ್ನರ್ಧಕ್ಕೆ ಹೆದರ್ಕೊಂಡೆ."

"ಯಾಕಪ್ಪಾ? ಸುಳ್ಳಿದ್ಯಾ ಅದ್ರಲ್ಲಿ?"

"ಸುಳ್ಳಿದ್ದಿದ್ರೆ ಹೆದರ್ತಿರ್ಲಿಲ್ಲ. ನಾಳೆ ನಮ್ಮ ಅಜ್ಜಿಯರು ಒಬ್ಬೊಬ್ರೇ ಬಂದು, ನಮ್ಮಮ್ಮನ ಊರು ತಪ್ಪಾಗಿದ್ಯಂತೆ, ಮೇಲೆ ಹೋದ್ಮೇಲೆ ನಂಗೆ ಅವಳು ಸಿಗ್ತಾಳಾ ಅಂತ ಕೇಳ್ತಾರೆ. ನಾನೇನು ಹೇಳ್ಲಿ? ಹಲ್ಲು ಕೀಳೋವಾಗ ಮರಗಟ್ಟೋ ಔಷಧಿ ಕೊಡ್ತೀನಿ. ಇದಕ್ಕೇನು ಕೊಡ್ಲಿ, ಹೇಳಿ."

"ಬೇಡ ಅಂತೀಯಾ?"

"ಹಾಗನ್ನೋಕೆ ನಾನ್ಯಾರು? ಆದ್ರೆ ಸಭೆಯ ಮೇಲಿನವರು ಕೇಳಿದ್ರೆ ನಾನು ನಿಮ್ಮನ್ನ ಕರೆದು ವಿಚಾರಿಸ್ಬೇಕಾಗತ್ತೆ, ಟೀಚರ್. ನಂಗೆ ಆ ಗತಿ ತರಬೇಡಿ. ಭಾನುವಾರ ಸಂಜೆ ಬರ್ತೀನಿ, ಒಂದು ಮಾತು ಹೇಳ್ಬಿಡಿ."

ಅವನು ಹೋದ ಮೇಲೆ ಅಡುಗೆಮನೆಯಲ್ಲಿ ಕೂತುಬಿಟ್ಟೆ. ವಿಚಾರಣೆ ಅಂದರೆ ಏನು, ಅದರ ಕೊನೆ ಏನಾಗಬಹುದು, ನಿನಗೆ ಹೇಳಬೇಕಾಗಿಲ್ಲ. ನಿಮ್ಮ ಕಡೆ ಸಭೆಯ ಚರಿತ್ರೆ ಬರೆಯುವವರಿಗೆ ಏನೇನಾಗುತ್ತಿದೆ ಅಂತ ನೀನೇ ತಿಳಿಸಿದ್ದೆ. ನನ್ನನ್ನು ಹೊರಗೆ ಹಾಕಿದರೆ ಗಂಡನ ಜೊತೆಗಿನ ಬೆಸುಗೆಯೂ ಬಿಟ್ಟಹಾಗೆ. ಹನ್ಸುಯೆಲಿ ತೀರಿಕೊಂಡು ನಾಲ್ಕು ವರ್ಷವಾಯಿತು. ಅವನು ಆ ಕಡೆ ಕಾಯುತ್ತಿದ್ದಾನೆ ಅನ್ನುವುದೊಂದೇ ನನ್ನ ಧೈರ್ಯ. ಮತ್ತೆ ಮಾರ್ಗ್ರಿಟ್.

ಮಾರ್ಗ್ರಿಟ್‌ಳ ವಿಷಯ ಆಗ ಗೊತ್ತಿದ್ದವಳು ನೀನೊಬ್ಬಳೇ. ಬಾಸೆಲ್‌ನಲ್ಲಿ ಓದುವಾಗ, ಮದುವೆಗೆ ಮುಂಚೆ ಹುಟ್ಟಿದ ಕೂಸು. ಒಂಬತ್ತನೇ ದಿನ ತೀರಿಕೊಂಡಳು ಅಂತ ನಿನಗೆ ಕಾಗದ ಬರೆದಿದ್ದೆ. ಮದುವೆಯ ಮಾತು ಬಂದಾಗ ಹನ್ಸುಯೆಲಿಗೂ ಹೇಳಿಬಿಟ್ಟೆ. ಅವನು ಒಂದು ಮಾತೂ ಚುಚ್ಚಲಿಲ್ಲ ಟ್ರೂಡಿ. ಹಾಳೆ ತುಂಬುವ ದಿನ ಬಂದಾಗ, "ನಮ್ಮ ಮಗಳು ಅಂತ್ಲೇ ಬರಿ" ಅಂದ. ಟೆಂಪಲ್ಲಿನಲ್ಲಿ ಬೇರೆಯವರ ಮಗುವನ್ನು ಅವಳ ಬದಲಿಗೆ ನಿಲ್ಲಿಸಿದರು. ಆ ಮಗು ತನ್ನ ಬೆಚ್ಚನೆಯ ಕೈಯನ್ನು ನಮ್ಮಿಬ್ಬರ ಕೈಯ ಮೇಲೆ ಇಟ್ಟಿತು. ಹನ್ಸುಯೆಲಿ ಗಳಗಳ ಅತ್ತ. ಅವಳ ಹಾಳೆಯಲ್ಲೂ ಹುಟ್ಟಿದ ಊರು ಬಾಸೆಲ್ ಅಂತಿಲ್ಲ, ನನ್ನ ತವರಿನ ಮೂಲ ಊರು ಟ್ರೂಬ್ ಅಂತ ಬರೆದಿದ್ದೇನೆ.

ಚರಿತ್ರೆ ಬರೆಯುವವಳಾಗಿ ಕೇಳಿದರೆ ಇದೆಲ್ಲ ನಂಬಿಕೆ, ಕಾಗದದ ತಪ್ಪಿಗೂ ದೇವರಿಗೂ ಸಂಬಂಧವಿಲ್ಲ ಅನ್ನುತ್ತೇನೆ. ಲೇಖನದಲ್ಲಿ ಹಾಗೇ ಬರೆದಿದ್ದೇನೆ ಕೂಡ, ಅಡಿಟಿಪ್ಪಣಿ ಹಾಕಿ. ಆದರೆ ಹೊಟ್ಟೆಯೊಳಗೆ ಕೂತ ಭಯಕ್ಕೆ ಅಡಿಟಿಪ್ಪಣಿ ಓದಲು ಬರುವುದಿಲ್ಲವಲ್ಲೇ.

ಯೋಚಿಸಿ ಯೋಚಿಸಿ ತಲೆ ಕೆಟ್ಟು, ಲೇಖನ ವಾಪಸ್ಸು ತೆಗೆದುಕೊಳ್ಳುವುದು ಅಂತ ತೀರ್ಮಾನಿಸಿದ್ದೇನೆ. ಮುದುಕಿಯರ ನೆಮ್ಮದಿ ಕೆಡಿಸಿ ನಾನು ಸಾಧಿಸುವುದೇನಿದೆ? ಪ್ರೊಫೆಸರಮ್ಮನಿಗೆ ಬೇಜಾರಾಗುತ್ತದೆ, ಆಗಲಿ.

ನಿನ್ನ ಮಂಡಿಗೆ ಬಲ ಬರಲಿ, ಮೊಮ್ಮಕ್ಕಳು ನಿನ್ನ ಮಾತು ಕೇಳುವಂತಾಗಲಿ. ನಿನ್ನ ಅಡುಗೆಮನೆಯ ಮೇಲೆ ದೇವರ ಕಣ್ಣಿರಲಿ. ನನಗಾಗಿಯೂ ಒಂದು ಪ್ರಾರ್ಥನೆ ಮಾಡು.

ಎಂದೆಂದಿಗೂ ನಿನ್ನ
ಎಲ್ಸ್‌ಬೆತ್

ತಾ.ಕ.: ಲಕೋಟೆ ಅಂಟಿಸಿಬಿಟ್ಟಿದ್ದೆ, ಮತ್ತೆ ಹರಿದೆ. ಮೇಲೆ ಬರೆದ ಕಾರಣ ನಿಜವಲ್ಲ. ಮುದುಕಿಯರ ಹೆಸರು ಹೇಳಿ ನಾನು ಬಚ್ಚಿಟ್ಟುಕೊಳ್ಳುತ್ತಿದ್ದೇನೆ.

ಮಾರ್ಗ್ರಿಟ್ ಸಾಯಲಿಲ್ಲ ಟ್ರೂಡಿ. ಒಂಬತ್ತನೇ ದಿನ ನಾನು ಸಹಿ ಹಾಕಿ ಕೊಟ್ಟುಬಿಟ್ಟೆ, ಯಾರೋ ಸಾಕಲು ತೆಗೆದುಕೊಂಡು ಹೋದರು. ಕೊಟ್ಟೆ ಅಂದಿದ್ದರೆ ನೀನು ಮಾರನೇ ದಿನವೇ ಬಾಸೆಲ್‌ಗೆ ಬಂದು "ನಾನು ಸಾಕ್ತೀನಿ ಕೊಡಿ" ಅಂತ ರಂಪ ಮಾಡುತ್ತಿದ್ದೆ. ಅದಕ್ಕೇ ಸತ್ತಳು ಅಂದೆ. ಹನ್ಸುಯೆಲಿಗೂ ಅದನ್ನೇ ಅಂದೆ. ಆಮೇಲೆ ಅವಳು ಸತ್ತ ತಾರೀಖನ್ನು ಇದೇ ಕೈಯಿಂದ ದುಂಡಗೆ ಬರೆದೆ.

ಕಳೆದ ಬುಧವಾರ ಪ್ರೊಫೆಸರಮ್ಮ ಫೋನ್ ಮಾಡಿದರು. "ಎಲ್ಸ್‌ಬೆತ್, ನಿಮ್ಮದೇ ಹಾಳೆ ಇದು. ಟ್ರೂಬ್‌ನ ಪುಸ್ತಕದಲ್ಲಿ ಈ ಮಗುವಿನ ಸಾವು ಸಿಗ್ತಿಲ್ಲ. ಮದುವೆ ಸಿಗ್ತಿದೆ" ಅಂದರು. ಸಾಕಿದವರು ಅವಳಿಗೆ ತಮ್ಮ ಹೆಸರು ಕೊಟ್ಟಿರಲಿಲ್ಲ, ನನ್ನ ಮೂಲ ಊರೇ ಅವಳ ಮೂಲ ಊರಾಗಿ ಉಳಿದಿತ್ತು. ಎಪ್ಪತ್ತೈದರಲ್ಲಿ ಮದುವೆ, ಇಬ್ಬರು ಹೆಣ್ಣುಮಕ್ಕಳು, ಮನೆ ಬರ್ಗ್‌ಡೋರ್ಫ್‌ನಲ್ಲಿ. ಇಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ. ಇದಾದ ನಾಲ್ಕೇ ದಿನಕ್ಕೆ ವ್ಯೂತ್ರಿಶ್ ಬಂದು ಆ ಗತಿ ತರಬೇಡಿ ಅಂದಾಗ ಒಳಗೊಳಗೇ ಅಬ್ಬಾ, ಬದುಕಿದೆ ಅಂದುಕೊಂಡೆ.

ಪ್ರೊಫೆಸರಮ್ಮನಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಎಂಬತ್ತೊಂದರಲ್ಲಿ ಟ್ರೂಬ್‌ನ ಕಚೇರಿಯಿಂದ ನನಗೊಂದು ಕಾಗದ ಬಂದಿತ್ತು. ನಿಮ್ಮ ಮಗಳು ನಿಮ್ಮನ್ನು ಹುಡುಕುತ್ತಿದ್ದಾರೆ, ನಿಮ್ಮ ವಿಳಾಸ ಕೊಡಬಹುದೇ ಅಂತ. ಹನ್ಸುಯೆಲಿ ಎದುರಿಗೆ ಕೂತು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ. "ಏನದು?" ಅಂದ. "ಏನಿಲ್ಲ, ಯಾರೋ ತಪ್ಪಾಗಿ ಕಳ್ಸಿದಾರೆ" ಅಂದು ಒಲೆಗೆ ಹಾಕಿದೆ. ಆಮೇಲೂ ಈ ಹನ್ನೆರಡು ವರ್ಷ ಎಲ್ಲರ ಸತ್ತವರನ್ನೂ ಹುಡುಕಿಕೊಟ್ಟೆ, ಅವಳಿಗೆ ಒಂದು ಸಾಲು ಬರೆಯಲಿಲ್ಲ.

ಭಾನುವಾರ ವ್ಯೂತ್ರಿಶ್‌ಗೆ ಎಲ್ಲ ಹೇಳುತ್ತೇನೆ, ಹೊರಗೆ ಹಾಕಿದರೂ ಸರಿ. ಅದರ ಭಯ ಈಗ ಸಣ್ಣದು. ಅವಳಿಗೆ ಬರೆಯೋಣ ಅಂತ ಬೆಳಗಿನಿಂದ ಮೂರು ಹಾಳೆ ತೆಗೆದೆ. ಮೂರರಲ್ಲೂ ಊರಿದೆ, ತಾರೀಖಿದೆ, ಅದರ ಕೆಳಗೆ ಏನೂ ಇಲ್ಲ. ಮಗಳೇ ಅನ್ನುವ ಹಕ್ಕನ್ನು ಒಲೆಗೆ ಹಾಕಿದವಳು ನಾನು. ಶ್ರೀಮತಿ ಅಂತ ಬರೆಯಲು ಕೈ ಏಳುತ್ತಿಲ್ಲ. ಅವಳನ್ನು ಏನಂತ ಕರೆಯಲಿ ಟ್ರೂಡಿ? ಬೇಗ ಬರೆ.