ಕ್ಲೋರಿನ್ ಮೇಲಿನ ನನ್ನ ದೂರು

ಮಾರ್ಚ್ ೪, ಮಂಗಳವಾರ

ಇವತ್ತೂ ಅದೇ ಉರಿ. ಈಜುಕೊಳದಿಂದ ಬಂದವಳೇ ಬಚ್ಚಲಿಗೆ ಓಡಿದೆ. ಹೋದರೆ ನಾಲ್ಕು ಹನಿ. ಎದ್ದು ಬಂದರೆ ಮತ್ತೆ ಹೋಗಬೇಕು... ಹಾಳಾದ ಕ್ಲೋರಿನ್.

ಕೊಳದ ನೀರು ನೋಡಿಕೊಳ್ಳುವವನಿಗೆ ನಾನಿಟ್ಟ ಹೆಸರು ನೀರಿನ ಮೇಸ್ತ್ರಿ. ಬಕೆಟ್‌ಗಟ್ಟಲೆ ಸುರಿಯುತ್ತಿದ್ದೀರಿ ಎಂದು ಅವನಿಗೆ ಮತ್ತೊಮ್ಮೆ ಹೇಳಿದೆ. ಪರೀಕ್ಷೆಯ ಗಾಜಿನ ನಳಿಗೆ ಎತ್ತಿ ಹಿಡಿದು, ಬಣ್ಣ ಸರಿಯಾಗಿದೆ ಎಂದ. ಆ ನಳಿಗೆಯೂ ನಗರಸಭೆಯದೇ ಅಲ್ಲವೇ ಎಂದೆ.

ಹಿಂದೊಮ್ಮೆ ಇದೇ ನಗರಸಭೆ ಕೊಳಕ್ಕೆ ಹೊಸ ಫಿಲ್ಟರ್ ಹಾಕಿಸುವುದಾಗಿ ಠರಾವು ಮಾಡಿತ್ತು. ಹಾಕಿಸಲಿಲ್ಲ. ಅವರ ನಡಾವಳಿ ಪುಸ್ತಕಗಳು ಬೈಂಡ್ ಆಗುವುದು ನನ್ನ ಅಂಗಡಿಯಲ್ಲಿ. ಹೊಲಿಗೆ ಹಾಕುವಾಗ ನಾನು ಓದದೆ ಬಿಟ್ಟ ಪುಟವಿಲ್ಲ. ಅವರು ಮರೆತದ್ದೆಲ್ಲ ನನಗೆ ನೆನಪಿದೆ — ನನ್ನ ಮೇಲೆ ಅವರಿಗಿರುವ ಸಿಟ್ಟೂ ಅದಕ್ಕೇ.

ಕ್ಲೋರಿನ್ ವಿರುದ್ಧದ ಮನವಿಗೆ ಸಹಿ ಚೆನ್ನಾಗಿ ಬಂದಿದೆ. ಬೆಳಗಿನ ಹೆಂಗಸರ ವೇಳೆಗೆ ಬರುವವರೆಲ್ಲ ಹಾಕಿದ್ದಾರೆ. ಬರುವುದನ್ನು ಬಿಟ್ಟವರು ಇನ್ನೂ ಜಾಸ್ತಿ.

ಮಾರ್ಚ್ ೧೯

ನೋಟಿಸ್ ಬಂತು. "ನೀರಿನ ಬಗ್ಗೆ ಮಹಿಳೆಯರಿಂದ ನಿರಂತರ ದೂರುಗಳಿರುವುದರಿಂದಲೂ ಹಾಜರಾತಿ ಕುಸಿದಿರುವುದರಿಂದಲೂ" ಹೆಂಗಸರ ವೇಳೆ ರದ್ದು. ಆ ಹೊತ್ತು ಸ್ಪರ್ಧೆಗೆ ತಯಾರಾಗುವವರ ಕ್ಲಬ್ಬಿಗೆ. ಆಕ್ಷೇಪಣೆ ಇದ್ದರೆ ಜೂನ್ ಸಭೆಯಲ್ಲಿ ಹೇಳಬೇಕಂತೆ, ಅದು ತೀರ್ಮಾನವಾಗುವವರೆಗೆ ನಮ್ಮ ವೇಳೆ ಇದ್ದಂತೆಯೇ.

ನನ್ನ ಮನವಿಯನ್ನೇ ದೊಣ್ಣೆ ಮಾಡಿಕೊಂಡು ನನ್ನ ತಲೆಗೇ ಬಾರಿಸಿದ್ದಾರೆ.

ಆ ಒಂದು ಗಂಟೆ ಅವರು ದಯೆ ತೋರಿ ಕೊಟ್ಟದ್ದಲ್ಲ. ನಮ್ಮ ಅತ್ತೆಯ ಕಾಲದ ಹೆಂಗಸರು ಕಚೇರಿಯ ಮೆಟ್ಟಿಲ ಮೇಲೆ ಕೂತು ಪಡೆದದ್ದು. ನನಗೆ ಈಜು ಕಲಿಸಿದವರೂ ಅತ್ತೆಯೇ. ಹೊಸ ಸೊಸೆಯನ್ನು ನೀರಿಗೆ ತಳ್ಳಿದ ಅತ್ತೆ ಎಂದು ಊರೆಲ್ಲ ನಕ್ಕಿತ್ತು.

ನಮ್ಮನೆಯವರು ತಮ್ಮ ಕನ್ನಡಕದ ಅಂಗಡಿ ಮುಚ್ಚಿ ಬಂದರು. ನೋಟಿಸ್ ಓದಿದರು. ಕಾಫಿ ಮಾಡಿ ತಂದಿಟ್ಟರು.

ಮಾರ್ಚ್ ೨೬

ನಾದಿನಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವಳ ಬೇಕರಿಯಲ್ಲಿ ಕೂತು ಒಂದು ಬನ್ ತಿನ್ನುವಷ್ಟರಲ್ಲಿ ಎರಡು ಸಲ ಎದ್ದು ಹೋದೆನಂತೆ. "ಅತ್ತಿಗೆ, ಇದು ಕೊಳದ ನೀರಿಂದಲ್ಲ. ಕೊಳಕ್ಕೆ ಹೋಗದ ವಾರಾನೂ ನೀವು ಹೀಗೇ ಇದ್ರಿ."

ಡಾಕ್ಟರಮ್ಮ ಮಾತಿನಲ್ಲಿ ಒರಟು, ಕೈ ಮಾತ್ರ ಮೃದು. ಮೂತ್ರ ಪರೀಕ್ಷೆ ಮಾಡಿಸಿದರು — ಸೋಂಕಿಲ್ಲ. ಇಷ್ಟು ವರ್ಷ ಸೋಂಕಿನ ಮಾತ್ರೆ ನುಂಗಿಸಿದವರಲ್ಲಿ ಒಬ್ಬರೂ ಪರೀಕ್ಷೆ ಮಾಡಿಸಿರಲಿಲ್ಲ. ಒಳಗೆ ನೋಡುವ ಮೊದಲು ಒಪ್ಪಿಗೆ ಕೇಳಿದರು. ಆಮೇಲೆ ಬಿಡಿಸಿ ಹೇಳಿದರು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ. ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ. ಮೂತ್ರದ ದಾರಿ ಅದರ ಪಕ್ಕದ ಮನೆ, ಅದಕ್ಕೂ ಅದೇ ಗತಿ. ಉರಿ, ಅವಸರ, ಕೆಮ್ಮಿದರೆ ಹನಿ, ಗಂಡನ ಜೊತೆ ನೋವು. ಕೊನೆಯದನ್ನು ನಾನು ಹೇಳಿಯೇ ಇರಲಿಲ್ಲ.

ವಯಸ್ಸಾಯಿತು, ಸಹಿಸಿಕೊಳ್ಳಬೇಕು ಎಂದುಕೊಂಡಿದ್ದೆ ಎಂದೆ.

"ನಿಮ್ಮನೆಯವರದ್ದು ಕನ್ನಡಕದ ಅಂಗಡಿ ಅಲ್ವಾ? ವಯಸ್ಸಾಯ್ತು, ಮಂಜುಮಂಜಾಗೇ ನೋಡ್ಕೊಂಡಿರಿ ಅಂತ ಯಾರನ್ನಾದ್ರೂ ವಾಪಸ್ ಕಳಿಸಿದ್ದಾರಾ?"

ಕ್ಲೋರಿನ್ನಿನ ಮಾತೆತ್ತಿದೆ. ನನ್ನ ಕೇಸನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವವಳಲ್ಲ.

"ಚರ್ಮ ತೆಳ್ಳಗಾದ ಜಾಗಕ್ಕೆ ಏನು ತಾಗಿದ್ರೂ ಉರಿಯುತ್ತೆ. ನೀರನ್ನ ಯಾಕೆ ಬೈತೀರಿ?"

ಸ್ತನದ ಕಾಯಿಲೆ ಇತ್ತೇ, ಮುಟ್ಟು ನಿಂತ ಮೇಲೆ ರಕ್ತ ಕಂಡಿತ್ತೇ ಎಂದೆಲ್ಲ ವಿಚಾರಿಸಿಕೊಂಡು, ಈಸ್ಟ್ರೋಜನ್ ಕ್ರೀಮ್ ಬರೆದುಕೊಟ್ಟರು. ಒಳಗೆ ಹಚ್ಚುವುದು. ಮೊದಲೆರಡು ವಾರ ದಿನಾ, ಆಮೇಲೆ ವಾರಕ್ಕೆರಡು ಸಲ. ಅಲ್ಲಿ ಸೋಪು ಬೇಡ. ಹೋಗಬೇಕಾಗುತ್ತದೆಂದು ನೀರು ಕುಡಿಯುವುದನ್ನು ಬಿಡಬಾರದು — ನಾನು ಮಾಡುತ್ತಿದ್ದದ್ದೇ ಅದು. ಕೆಳಗಿನ ಸ್ನಾಯುಗಳಿಗೆ ವ್ಯಾಯಾಮ.

ಅದೇ ಸಂಜೆ

ಸಿಟ್ಟು ಇಳಿದಿಲ್ಲ. ಎಷ್ಟು ವೈದ್ಯಕೀಯ ಗ್ರಂಥಗಳಿಗೆ ರಟ್ಟು ಹಾಕಿದ್ದೇನೆ. ಗಂಡಸರ ಪ್ರಾಸ್ಟೇಟಿಗೆ ಬಣ್ಣದ ಚಿತ್ರಗಳ ಸಮೇತ ಒಂದು ಅಧ್ಯಾಯ. ನಮಗೆ? ಪುಟದ ತಳದಲ್ಲಿ ಒಂದು ಪ್ಯಾರಾ. ಅದನ್ನೂ ಓದಿದ್ದೆ. ನನ್ನ ಬಗ್ಗೆ ಬರೆದದ್ದು ಎಂದು ತಿಳಿಯಲಿಲ್ಲ.

ಮಾರ್ಚ್ ೨೯

ಕ್ರೀಮಿನ ಡಬ್ಬಿಯೊಳಗೆ ಮಡಚಿಟ್ಟ ಚೀಟಿ. ಹೃದಯಾಘಾತ, ಪಾರ್ಶ್ವವಾಯು, ಕ್ಯಾನ್ಸರ್... ಓದುವ ಚಟದವಳಿಗೆ ಇಂಥದ್ದು ಕೊಡಬಾರದು. ಟ್ಯೂಬು ಡ್ರಾಯರಿಗೆ.

ಏಪ್ರಿಲ್ ೧೨

ಟ್ಯೂಬು ಡ್ರಾಯರಿನಲ್ಲೇ. ಉರಿಯೂ ಇದ್ದಲ್ಲೇ. ಇವರು ಆ ಚೀಟಿಯನ್ನು ಭೂತಗನ್ನಡಿ ಹಿಡಿದು ಕೊನೆಯ ಸಾಲಿನವರೆಗೂ ಓದಿದರು.

"ಮನಸ್ಸಲ್ಲೇ ಜಗಳ ಆಡ್ತಾ ಕೂರಬೇಡ. ಫೋನ್ ಮಾಡಿ ಡಾಕ್ಟರ್ ಜೊತೆನೇ ಆಡು. ಅದರಲ್ಲಿ ನಿನ್ನ ಮೀರಿಸೋರು ಯಾರಿದ್ದಾರೆ?"

ಮಾಡಿದೆ. ಆ ಎಚ್ಚರಿಕೆಗಳು ಬಹುಪಾಲು ನುಂಗುವ ಮಾತ್ರೆಗಳನ್ನು ನೋಡಿ ಬರೆದವಂತೆ. ಹಚ್ಚುವ ಈ ಕ್ರೀಮಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಓದಿದ್ದು ಒಳ್ಳೆಯದೇ, ಓದಿ ಸುಮ್ಮನಾದದ್ದು ತಪ್ಪು ಎಂದರು. ಜಗಳಕ್ಕೆ ಜಾಗವೇ ಸಿಗಲಿಲ್ಲ. ಇವತ್ತಿನಿಂದ ಶುರು.

ಏಪ್ರಿಲ್ ೨೪

ಏನೂ ಆಗಿಲ್ಲ. ವಾರಗಟ್ಟಲೆ ಬೇಕು ಎಂದಿದ್ದರು, ಗೊತ್ತು. ಗೊತ್ತಿದ್ದ ಮಾತ್ರಕ್ಕೆ ತಾಳ್ಮೆ ಬರುತ್ತದೆಯೇ?

ವ್ಯಾಯಾಮ ನಡೆದಿದೆ. ಗೋಂದು ಒಣಗುವ ಹೊತ್ತಿಗೆ ಮೇಜಿನ ಹಿಂದೆ ನಿಂತು ಒಳಕ್ಕೆ ಎಳೆ, ಹಿಡಿ, ಬಿಡು. ಉಸಿರು ಕಟ್ಟಿ ಹುಬ್ಬು ಗಂಟಿಕ್ಕುತ್ತಿದ್ದೆ ಅಂತ ಕಾಣುತ್ತದೆ. ಗಿರಾಕಿಯೊಬ್ಬ ತಾನಾಗಿಯೇ "ತಪ್ಪಾಯ್ತು ಮೇಡಂ" ಎಂದ. ಯಾವ ತಪ್ಪು ಎಂದು ನಾನೂ ಕೇಳಲಿಲ್ಲ.

ಮೇ ೧೧

ಸೀನಿದೆ. ರಟ್ಟಿನ ಧೂಳಿಗೆ, ಅಂಗಡಿ ನಡುಗುವಂತೆ. ಏನೂ ಆಗಲಿಲ್ಲ. ನಂಬಿಕೆ ಬರದೆ ಬೇಕೆಂದೇ ಕೆಮ್ಮಿ ನೋಡಿದೆ. ಇಲ್ಲ. ಇನ್ನೊಮ್ಮೆ ಕೆಮ್ಮಿದೆ, ಬರೀ ಖುಷಿಗೆ. ಪಕ್ಕದಂಗಡಿಯವರು ನೀರು ತಂದುಕೊಟ್ಟರು. ಪೂರ್ತಿ ಲೋಟ ಕುಡಿದೆ.

ಮೇ ೧೩

ಕೊಳಕ್ಕೆ ಹೋದೆ. ಅದೇ ನೀರು, ಅದೇ ವಾಸನೆ, ಅದೇ ಹಳೇ ಫಿಲ್ಟರ್. ಉರಿ ಇಲ್ಲ. ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ. ಅಂಗಾತ ತೇಲುತ್ತ ಮೇಲಿನ ಗಾಜಿನ ಮಾಡು ನೋಡಿದೆ... ಎಷ್ಟು ಚೆಂದ.

"ಏನ್ ಮೇಡಂ, ಇವತ್ತು ಬೈಗುಳ ಇಲ್ವಾ? ಮೈ ಹುಷಾರಿಲ್ವಾ?" ಎಂದ ನೀರಿನ ಮೇಸ್ತ್ರಿ.

"ಹುಷಾರಾಗಿದ್ದೀನಿ. ಅದಕ್ಕೇ."

ಮೇ ೧೮

ಇವರ ವಿಷಯ ಬರೆಯಬೇಕೋ ಬೇಡವೋ. ಓದುವವರು ಯಾರೂ ಇಲ್ಲ, ಬರೆಯುತ್ತೇನೆ. ಮಧ್ಯಾಹ್ನ ಇಬ್ಬರ ಅಂಗಡಿಗೂ ರಜ. ಡಾಕ್ಟರಮ್ಮ ಹೇಳಿದ ಜಾರುವ ಜೆಲ್ ಇವರೇ ತಂದಿದ್ದರು, ತಂದು ಟೇಬಲ್ಲಿನ ಮೇಲಿಟ್ಟು ಪೇಪರ್ ಓದುವವರಂತೆ ಕೂತಿದ್ದರು. ಪೇಪರ್ ತಲೆಕೆಳಗಾಗಿತ್ತು.

ನೋವಾಗಲಿಲ್ಲ. ಆಮೇಲೆ ತುಂಬ ಹೊತ್ತು ನಕ್ಕೆವು. ಯಾಕೆಂದು ನೆನಪಿಲ್ಲ.

ಮೇ ೨೫

ಒಂದು ಮಾತು ತಲೆ ಕೊರೆಯುತ್ತಿತ್ತು. ಉರಿ ನನ್ನದಾದರೆ, ಉಳಿದವರು ಸಹಿ ಹಾಕಿದ್ದೇಕೆ, ಬರುವುದು ಬಿಟ್ಟದ್ದೇಕೆ?

ಕೊಳ ಬಿಟ್ಟವರನ್ನೆಲ್ಲ ನಾದಿನಿ ಬೇಕರಿಗೆ ಕರೆಸಿದಳು. ಸಸ್ಯಶಾಸ್ತ್ರದ ಟೀಚರ್ ಮೊಣಕಾಲು ನೋವು ಎಂದರು. ಪೋಸ್ಟ್ ಮಾಸ್ಟರಮ್ಮ ಬಿಡುವಿಲ್ಲ ಎಂದರು. ನಾನು ನನ್ನ ಕಥೆಯನ್ನು ಕ್ರೀಮಿನವರೆಗೂ ಹೇಳಿದೆ. ಟೀಚರ್ ಕಪ್ ಕೆಳಗಿಟ್ಟರು. "ಮೊಣಕಾಲು ಚೆನ್ನಾಗೇ ಇದೆ ಕಣ್ರೀ. ನನಗೊಬ್ಬಳಿಗೇ ಹೀಗೆ ಅಂದ್ಕೊಂಡಿದ್ದೆ."

ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಒಬ್ಬೊಬ್ಬರೂ ತಮಗೊಬ್ಬರಿಗೇ ಎಂದುಕೊಂಡವರು. ಕ್ಲೋರಿನ್ ಸಿಕ್ಕಿದ್ದೇ ಸಾಕೆಂದು ಅದರ ತಲೆಗೆ ಕಟ್ಟಿದವರು. ಮುಂದಾಳು ನಾನು.

ನಮ್ಮ ವೇಳೆ ಉಳಿಯಬೇಕಾದರೆ ದೂರು ತಪ್ಪೆಂದು ಸಭೆಯಲ್ಲಿ ಹೇಳಬೇಕು. ತಪ್ಪೆಂದರೆ ಕಾರಣ ಕೇಳುತ್ತಾರೆ.

"ಅಷ್ಟು ಜನರ ಮುಂದೆ ಅದನ್ನ ಹೇಳ್ತೀರಾ ಅತ್ತಿಗೆ?" ಎಂದಳು ನಾದಿನಿ. ಅವಳ ಧ್ವನಿಯಲ್ಲಿ ತಮಾಷೆ ಇರಲಿಲ್ಲ.

ಜೂನ್ ೧೦

ಹೇಳಿದೆ.

ಅಧ್ಯಕ್ಷರು ನನ್ನ ಮನವಿಯನ್ನೇ ಓದಿ, ನೀರು ಕೆಟ್ಟಿದೆ ಎನ್ನುತ್ತೀರಿ, ಅದೇ ನೀರು ಬೇಕು ಎನ್ನುತ್ತೀರಿ, ಯಾವುದು ನಿಜ ಎಂದು ಕೇಳಿದರು. ಸಭೆ ನಕ್ಕಿತು. ನೀರು ಚೆನ್ನಾಗಿದೆ, ದೂರು ತಪ್ಪು ಎಂದೆ. ಆಮೇಲೆ ಕಾರಣ ಹೇಳಿದೆ. ಮುಟ್ಟು ನಿಲ್ಲುವುದು, ಯೋನಿ ಒಣಗುವುದು, ಮೂತ್ರದ ಅವಸರ, ಮದ್ದು. ಹಾಜರಾತಿ ಕುಸಿದದ್ದು ಇದಕ್ಕೆ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಸ್ವಲ್ಪ ಬೇರೆ ಪದ ಬಳಸಬಹುದಿತ್ತು ಎಂದರು.

"ಪದ ನಿಘಂಟಿನಲ್ಲಿದೆ. ನಡಾವಳಿಯಲ್ಲೂ ಇರಲಿ. ಅದನ್ನ ಬೈಂಡ್ ಮಾಡೋಳು ನಾನೇ, ಇದೆಯೋ ಇಲ್ವೋ ನೋಡ್ತೀನಿ."

ಈ ಸಲ ಯಾರೂ ನಗಲಿಲ್ಲ. ಹಿಂದೆ ಕುರ್ಚಿ ಸರಿದ ಸದ್ದು. ಟೀಚರ್ ಎದ್ದು ನಿಂತಿದ್ದರು. ಆಮೇಲೆ ಪೋಸ್ಟ್ ಮಾಸ್ಟರಮ್ಮ. ಆಮೇಲೆ ತಿರುಗಿ ನೋಡಲಿಲ್ಲ, ಕಣ್ಣು ಮಂಜಾಗಿತ್ತು.

ತೀರ್ಮಾನ ಮುಂದಕ್ಕೆ ಹೋಯಿತು. ನಗರಸಭೆಯ ಕಾರ್ಯದರ್ಶಿ ಕೊಳ ನೋಡಿ ವರದಿ ಕೊಡಬೇಕು. ಕಾರ್ಯದರ್ಶಿ ಹೆಂಗಸು, ಹೆಚ್ಚುಕಡಿಮೆ ನನ್ನದೇ ವಯಸ್ಸು. ರದ್ದಿನ ನೋಟಿಸಿಗೆ ಸಹಿ ಹಾಕಿದವಳು ಅವಳೇ. ಇಡೀ ಹೊತ್ತು ತಲೆ ಎತ್ತದೆ ಬರೆಯುತ್ತಿದ್ದಳು.

ಜೂನ್ ೨೦

ಕಾರ್ಯದರ್ಶಿ ಅಂಗಡಿಗೆ ಬಂದಳು. ಕೊಳಕ್ಕೆ ಎರಡು ಸಲ ಬಂದು ಹೋದದ್ದು ನೋಡಿದ್ದೆ. ನಾವು ನೀರಿನಲ್ಲಿ ಗುಂಪುಗುಂಪಾಗಿದ್ದೆವು, ಜಾಗ ಸಾಲದಷ್ಟು. ಬೈಂಡಿಂಗಿನ ದರ ಕೇಳಿದಳು. ಅವಳಿಗೆ ಗೊತ್ತಿರುವ ದರವೇ. ಬಾಗಿಲ ಕಡೆ ನೋಡಿ, ಧ್ವನಿ ತಗ್ಗಿಸಿ ಕೇಳಿದಳು.

"ಆ ಡಾಕ್ಟರ್ ಯಾವ ದಿನ ಸಿಗ್ತಾರೆ?"

ಹೇಳಿದೆ. ವರದಿಯ ಬಗ್ಗೆ ಕೇಳಲು ನಾಲಿಗೆ ತುದಿಗೆ ಬಂದಿತ್ತು, ಕಚ್ಚಿಕೊಂಡೆ. ಈ ಹೊತ್ತಿನಲ್ಲಿ ಕೇಳಿದರೆ ವ್ಯಾಪಾರವಾಗುತ್ತದೆ.

ಬಾಗಿಲಲ್ಲಿ ತಿರುಗಿ ಅವಳೇ ಹೇಳಿದಳು. "ವರದಿ ಮೊನ್ನೇನೇ ಕೊಟ್ಟಿದ್ದೀನಿ. ಅದಕ್ಕೇ ಇವತ್ತು ಬಂದೆ. ಮೊದಲೇ ಬಂದು ಕೇಳಿದ್ರೆ ಚೆನ್ನಾಗಿರ್ತಿರಲಿಲ್ಲ."

ಏನು ಬರೆದಿದ್ದಾಳೆಂದು ಹೇಳಲಿಲ್ಲ. ಕೂರುವುದಕ್ಕೂ ಮನಸ್ಸಿಲ್ಲ, ಹೊಲಿಯುವುದಕ್ಕೂ ಮನಸ್ಸಿಲ್ಲ.

ಜುಲೈ ೮, ಬೆಳಿಗ್ಗೆ ೬

ನಿನ್ನೆ ಆದೇಶ ಬಂತು. ಹೆಂಗಸರ ವೇಳೆ ಉಳಿಯಿತು. ವಾರದಲ್ಲಿ ಒಂದು ಸಂಜೆಯೂ ಸೇರಿತು — ಕಚೇರಿಗೆ ಹೋಗುವವರಿಗಾಗಿ, ಎಂದು ಬರೆದಿದೆ. ನಾದಿನಿ ಬೇಕರಿಯಲ್ಲಿ ಬಂದವರಿಗೆಲ್ಲ ಬಿಟ್ಟಿ ಬನ್ ಹಂಚಿದಳು. ಇವರು ಆದೇಶವನ್ನು ಜೋರಾಗಿ ಓದಿದರು, ಅಂಗಡಿಯಲ್ಲಿ ಕಣ್ಣು ತೋರಿಸಲು ಬಂದವರಿಗೂ.

ಒಂದು ವಿಷಯ ಮಾತ್ರ ಒಪ್ಪುವಂಥದ್ದಲ್ಲ. ಬಟ್ಟೆ ಬದಲಿಸುವ ಕೋಣೆಯ ಚಿಲಕದ ಬಗ್ಗೆ ಆದೇಶದಲ್ಲಿ ಒಂದಕ್ಷರವಿಲ್ಲ. ಹೊಸ ಮನವಿ ಹಾಕಬೇಕು. ಮೊದಲ ಸಾಲು ಈಗಲೇ ಹೊಳೆದಿದೆ: ಮಾನ್ಯರೇ, ತಮ್ಮ ಹಿಂದಿನ ಠರಾವಿನ ಪ್ರಕಾರ...

ಹೊರಗೆ ನಾದಿನಿ ಕೂಗುತ್ತಿದ್ದಾಳೆ. ಟೀಚರ್ ಆಗಲೇ ನೀರಿಗಿಳಿದರಂತೆ. ಇರಲಿ, ಉಳಿದದ್ದು ಈಜಿ ಬಂದು